ಏನು ಬೇಕಿದ್ದರೂ ಕೇಳಿ

ನಾನು ಬಾಸ್ ನುಡಿಸುವವನು. ನನ್ನನ್ನು ಯಾರೂ ನೋಡುವುದಿಲ್ಲ,
ಅದಕ್ಕೇ ನನಗೆ ಎಲ್ಲ ಕಾಣುತ್ತದೆ.

ನ್ಯೂ ಬ್ರೈಟನ್ನಿನ ಈ ಶೆಡ್ಡಿನಲ್ಲಿ ಮೊದಲು ಲಾರಿ ರಿಪೇರಿ.
ಗ್ರೀಸು ಕುಡಿದ ಸಿಮೆಂಟಿನ ಮೇಲೆ ಈಗ ಇಪ್ಪತ್ತೆರಡು ಕುರ್ಚಿ,
ಒಂದಕ್ಕೊಂದು ಜೋಡಿಯಿಲ್ಲ.
ಹೊರಗೆ ಪೋರ್ಟ್ ಎಲಿಜಬೆತ್ತಿನ ಗಾಳಿ
ತಗಡಿನ ಮೂಲೆ ಎತ್ತಿ ಎತ್ತಿ ಇಣುಕುತ್ತದೆ,
ಟಿಕೆಟ್ಟಿಲ್ಲದ ಗಿರಾಕಿ.

ವೆಲ್ಲಿಂಗ್ಟನ್ ತಾತ ಆಗಲೇ ಬಂದು ಕೂತಿದ್ದಾನೆ.
ಕಟ್ಟಿಸಿದ ಹಲ್ಲನ್ನು ಹೆಬ್ಬೆರಳಿಂದ ಒತ್ತಿ ಕೂರಿಸಿ,
ರೀಡನ್ನು ನಾಲಗೆಯ ಮೇಲಿಟ್ಟು ನೆನೆಸುತ್ತಾನೆ
ಜ್ವರದ ಗುಳಿಗೆ ನುಂಗುವವನ ಮುಖದಲ್ಲಿ.
ಮೂವತ್ತೊಂದು ವರ್ಷ ಟಯರು ಕಾರ್ಖಾನೆ;
ಬೆರಳ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿಲ್ಲ.
ಸ್ಯಾಕ್ಸೊಫೋನಿನ ಕೆಳಗಿನ ಕೀಲಿಗೊಂದು ರಬ್ಬರ್ ಬ್ಯಾಂಡು.
ಅದೂ ಕಾರ್ಖಾನೆಯದೇ ಅನ್ನುತ್ತಾನೆ. ಸುಳ್ಳು.

ಎಂಟಕ್ಕೆ ಕಾಲು ಗಂಟೆ ಇದ್ದಾಗ ಹುಡುಗಿ ಓಡಿ ಬಂದಳು,
ಸೂಪರ್ ಮಾರ್ಕೆಟ್ಟಿನ ಗಲ್ಲಾದಿಂದ ನೇರ,
ಬಿಳಿ ಅಂಗಿಯ ಎಡಕ್ಕೆ ಇನ್ನೂ ಆ ಪ್ಲಾಸ್ಟಿಕ್ ಬಿಲ್ಲೆ:
ನನ್ನ ಹೆಸರು ಅಖೋನಾ.
ಏನು ಬೇಕಿದ್ದರೂ ಕೇಳಿ.
ಕಳಚಲು ಮರೆತಿದ್ದಳು. ನಾನು ಹೇಳಲಿಲ್ಲ.
ಹತ್ತೊಂಬತ್ತು ವಯಸ್ಸು. ಬೆಳಗಿಂದ
ಸಕ್ಕರೆಗೂ ಸಾಬೂನಿಗೂ ಒಂದೇ ಬೀಪ್ ಕೇಳಿ ಕೇಳಿ
ಹಸಿದಿತ್ತು ಕಿವಿ.

ಡ್ರಮ್ಮಿನವ ಎಣಿಸಿದ. ಒಂದು, ಎರಡು,
ಅವಳು ಹಿಡಿದದ್ದು ನಾವು ಮಾತಾಡಿಕೊಂಡ ಶ್ರುತಿಯಲ್ಲ,
ಅರ್ಧ ಸ್ವರ ಮೇಲೆ.
ಪಿಯಾನೊ ಎಡವಿತು. ನಾನು ತಂತಿ ತಡಕಿದೆ
ಕರೆಂಟು ಹೋದಾಗ ಚಪ್ಪಲಿ ಹುಡುಕಿದ ಹಾಗೆ.
ತಾತ ಮಾತ್ರ ಕಣ್ಣು ಮುಚ್ಚಿಯೇ ಹಿಂದಿನಿಂದ ಬಂದು
ಅವಳಿಗೆ ಮೈ ತಾಗದಂತೆ
ಪಕ್ಕದಲ್ಲೇ ನಡೆದ.

ಹಾಡು ಅಂಥದ್ದೇನಲ್ಲ.
ಹಡಗು ಹತ್ತಿ ಹೋದವನ ಅಂಗಿ ಇನ್ನೂ ತಂತಿಯ ಮೇಲಿದೆ,
ಒಣಗಿದೆ, ತೆಗೆಯುವವರಿಲ್ಲ. ಅಷ್ಟೇ.
ನಮ್ಮ ಖೋಸಾ ಮಾತಿನ ಸಿಡಿತ ಬಂದಲ್ಲೆಲ್ಲ
ಬಾಟಲಿಯ ಬಿರಡೆ ಕಿತ್ತಂತೆ ನಾಲಗೆ ಸಿಡಿಸಿದಳು;
ಡ್ರಮ್ಮಿನವನಿಗೆ ಅರ್ಧ ಕೆಲಸ ಕಡಿಮೆ.

ಆಮೇಲೆ ತಾತನ ಸರದಿ.
ಮೊದಲ ಸುತ್ತು ಹಳೆಯ ಬೀದಿ, ಕಾಲಿಗೆ ಗೊತ್ತಿರುವ ಗುಂಡಿಗಳು.
ಎರಡನೆಯದರಲ್ಲಿ ಯಾರನ್ನೋ ಬೈದ, ಆಮೇಲೆ ನಕ್ಕ.
ಮೂರನೆಯದರಲ್ಲಿ ಏರಿದ, ಏರಿದ,
ಈ ಊರಿಗೇ ಗೊತ್ತಿರುವ ಆ ತುದಿಯ ಸ್ವರಕ್ಕೆ ಕೈ ಚಾಚಿದ.

ಬರಲಿಲ್ಲ.
ಹಿತ್ತಾಳೆಯೊಳಗಿಂದ ಬಂದದ್ದು ಬರೀ ಉಸಿರು,
ಬಾಗಿಲ ಸಂದಿಯ ಗಾಳಿ.

ಯಾರೂ ಕೆಮ್ಮಲಿಲ್ಲ. ಲೋಟ ಎತ್ತಿದವ ಎತ್ತಿದಂತೆಯೇ ಇದ್ದ.
ಹಾಡಿನ ಮಾತು ಬಿಟ್ಟು ಅಖೋನಾ
ಮೈಕಿಗೆ ಬಾಗಿ ತಾನೂ ಉಸಿರನ್ನಷ್ಟೇ ಬಿಟ್ಟಳು,
ಅಷ್ಟೇ ಉದ್ದ, ಅಷ್ಟೇ ಬರಿದು,
ಸ್ವರ ಹುಟ್ಟುವ ಮುಂಚೆ ಎಲ್ಲರ ಎದೆಯಲ್ಲೂ ಇರುವಂಥದ್ದು.
ತಗಡು ಒಮ್ಮೆ ಎದ್ದು ಬಿತ್ತು.
ಆಗ ಒಳಗೆ ಮೂರು ಗಾಳಿ. ಯಾವುದು ಯಾರದು
ಎಂದು ಕೇಳಿದರೆ ನಾನು ಹೇಳಲಾರೆ,
ನನ್ನ ಬೆರಳು ತಂತಿ ಮರೆತಿತ್ತು.

ಚಪ್ಪಾಳೆ ಆಯಿತು. ಬಿಯರು ಆಯಿತು.
ಹಿಂದಿನ ಬಾಗಿಲಲ್ಲಿ ತಾತನ ಮುಖ ಗಂಟಿಕ್ಕಿತ್ತು.
"ನನ್ನ ಕೈಯಿಂದ ಬಿದ್ದದ್ದನ್ನು ನೀನ್ಯಾಕೆ ಎತ್ತಿದೆ?
ಬಿದ್ದಲ್ಲೇ ಇರಲಿ ಬಿಡಬೇಕಿತ್ತು."
ಅವಳು ತಲೆ ತಗ್ಗಿಸಲಿಲ್ಲ. "ಎತ್ತಲಿಲ್ಲ ತಾತಾ,
ಪಕ್ಕದಲ್ಲಿ ಕೂತೆ."

ಅವನು ಪೆಟ್ಟಿಗೆಯ ಕೊಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ.
"ಟ್ಯಾಕ್ಸಿಗೆ ದುಡ್ಡಿದೆಯಾ?"
"ಇದೆ."
"ಬೆಳಿಗ್ಗೆ ಎಷ್ಟಕ್ಕೆ ಕೆಲಸ?"
"ಆರಕ್ಕೆ."
ಅವಳ ಎದೆಯ ಬಿಲ್ಲೆ ಅವನಿಗೆ ಆಗಲೇ ಕಂಡದ್ದು.
ಕನ್ನಡಕ ಹಣೆಗೇರಿಸಿ, ಬಾಗಿ, ಅಕ್ಷರ ಅಕ್ಷರ ಓದಿದ.
"ಕೇಳಿದೆವಲ್ಲ," ಅಂದ.

ಬಾಸನ್ನು ಬೆನ್ನಿಗೆ ಹೊತ್ತು ಗಾಳಿಗೆದುರಾಗಿ ನಡೆದೆ.
ಅದು ನನ್ನನ್ನು ಹಿಂದಕ್ಕೆ ದಬ್ಬುತ್ತಿತ್ತು,
ದುಡ್ಡು ಕೊಡದೆ ಪೂರ್ತಿ ಕೇಳಿದ್ದು ಅದೊಂದೇ.